ಮದ್ದು ಪಾಯಸದ ಮರುದಿನ

ಮೇ ತಿಂಗಳ ರಜೆಯಲ್ಲಿ ಒಂದು ಬೆಳಿಗ್ಗೆ ಮೂತ್ರ ಕೆಂಪಾಗಿತ್ತು. ಮುಖ ಊದಿತ್ತು. ಕನ್ನಡಿಯಲ್ಲಿರುವವನು ನಾನಲ್ಲ ಎಂದು ವಾದಿಸಬಹುದಿತ್ತು. ಕೇಳುವವರಿರಲಿಲ್ಲ.

ಅಪ್ಪ ಅಮ್ಮತ್ತಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಅವರು ಕರೆತಂದ ಡಾಕ್ಟರು ಮೈಸೂರು ಕಡೆಯಿಂದ ಈಚೆಗಷ್ಟೇ ಬಂದವರು. ಗಾಜಿನ ನಳಿಗೆಯಲ್ಲಿ ನನ್ನ ಮೂತ್ರ ಕಾಯಿಸಿದರು. ಬೆಂದ ಮೊಟ್ಟೆಯ ಬಿಳಿಯಂತೆ ಏನೋ ಹೆಪ್ಪುಗಟ್ಟಿತು.

"ಆಲ್ಬುಮಿನ್. ನೆಫ್ರೈಟಿಸ್, ಕಿಡ್ನಿಯ ಬಾವು. ಹಾಸಿಗೆ ಬಿಡಬಾರದು. ಹಾಲು, ಗಂಜಿ, ಹಣ್ಣು."

ಉಪ್ಪು ಇಲ್ಲ.

ಮಂಗಳೂರಿನ ಕಾಲೇಜು ಜೂನಿನಲ್ಲಿ ನನ್ನನ್ನು ಬಿಟ್ಟೇ ಶುರುವಾಯಿತು. ಚರ್ಚಾಕೂಟವೂ. ನನಗೆ ಸಿಕ್ಕಿದ್ದು ಅವ್ವ ಯಾರಿಂದಲೋ ತಂದುಕೊಟ್ಟ ಎರಡು ಅಡುಗೆ ಪುಸ್ತಕ, ಒಂದು ಕರಾವಳಿಯದು, ಒಂದು ಮೈಸೂರಿನದು. ಎರಡನ್ನೂ ಎದುರುಬದುರು ತೆರೆದು ಚರ್ಚೆಗೆ ಬಿಟ್ಟೆ. ಕರಾವಳಿ ಎಲ್ಲದಕ್ಕೂ ತೆಂಗಿನಕಾಯಿ ಅರೆಯುತ್ತಿತ್ತು. ಮೈಸೂರು ಸಾರಿಗೂ ಬೆಲ್ಲ ಹಾಕಿ ಸಮರ್ಥಿಸಿಕೊಳ್ಳುತ್ತಿತ್ತು. ಸಪ್ಪೆ ಗಂಜಿ ಕುಡಿಯುತ್ತಾ ಸಾಸಿವೆ ಸಿಡಿಯುವ ಸಾಲನ್ನು ಓದುವುದು ಎಂಥ ಸುಖ, ಎಂಥ ಶಿಕ್ಷೆ. ಎರಡೂ ಪುಸ್ತಕ ಒಪ್ಪಿದ್ದು ಒಂದೇ ಮಾತಿಗೆ: ರುಚಿಗೆ ತಕ್ಕಷ್ಟು ಉಪ್ಪು. ನಮ್ಮ ಕೊಡಗು ಮಾತ್ರ ಎರಡರಲ್ಲೂ ಇರಲಿಲ್ಲ.

ಜುಲೈ ಕೊನೆಗೆ ಊತ ಇಳಿಯಿತು. ಡಾಕ್ಟರು ಹೇಳಿದರು: "ಮುಂದಿನ ಪರೀಕ್ಷೆಯಲ್ಲೂ ಮೂತ್ರ ತಿಳಿಯಾಗಿದ್ದರೆ ಕಾಲೇಜು. ಕೆಂಪು ಕಂಡರೆ ಮಡಿಕೇರಿ ಆಸ್ಪತ್ರೆ. ಈ ವರ್ಷ ಓದಿನ ಮಾತೇ ಬೇಡ."

ಆ ಪರೀಕ್ಷೆ ಬಿದ್ದದ್ದು ಮಳೆಗಾಲದ ಆಟಿ ತಿಂಗಳ ಹದಿನೆಂಟರ ಮರುದಿನ.

ಆಟಿ ಹದಿನೆಂಟರಂದು ಕಾಡಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಔಷಧ ಸೇರುತ್ತದೆಂದು ಅಜ್ಜಿಯ ನಂಬಿಕೆ.

"ಹತ್ತೊಂಬತ್ತನೇದು ಯಾಕೆ ಸೇರುದಿಲ್ಲೆ ಅಜ್ಜಿ?"

"ನಿನ್ನ ಬಾಯಿಗೆ ಹೆದರಿ."

ನಾನು ನಂಬುವವನಲ್ಲ. ಹಸಿದವನು ಹೌದು. ಒಲೆಯ ಮುಂದೆ ಮಣೆ ಹಾಕಿ ಕೂತು, ಕರಾವಳಿ ಪುಸ್ತಕದ ಅಕ್ಕಿ ಪಾಯಸ ತೆರೆದೆ.

"ಪುಸ್ತಕ ನೋಡಿ ಪಾಯಸ ಮಾಡುವವನ ನೋಡಿ! ಅದ್ರಲ್ಲಿ ಮದ್ದ್ ಉಟ್ಟಾ?" ಎಂದರು ಅಜ್ಜಿ.

"ಇಲ್ಲೆ. ನೀರು ಅಂತ ಬರ್ದ ಕಡೆ ಮದ್ದಿನ ರಸ."

"ಡಾಕ್ಟರು ಬೈದ್ರೆ?" ಅವ್ವ ಕೇಳಿದಳು.

"ಉಪ್ಪು ಹಾಕಿಲ್ಲೆ ಅವ್ವ. ಬೈಯೋಕೆ ಕಾರಣ ಬೇಕಲ್ಲ."

ಸೊಪ್ಪು ಕುದಿಸಿದ ನೇರಳೆ ರಸದಲ್ಲಿ ಅಕ್ಕಿ ಅರಳಿತು. ಬೆಲ್ಲ, ಕಾಯಿಹಾಲು. ಮನೆಯವರೆಲ್ಲ ತಿಂದೆವು. ನಾನು ಎರಡು ಬಟ್ಟಲು.

ಬೆಳಿಗ್ಗೆ ಕೆಂಪು.

ಮದ್ದು ತಿಂದರೆ ಮರುದಿನ ಮೂತ್ರ ಕೆಂಪಾಗುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು, ಆದರೆ ಎರಡೂವರೆ ತಿಂಗಳ ಗಂಜಿ ಆ ಒಂದು ವಿಷಯವನ್ನೇ ಮರೆಸಿತ್ತು. ಇದು ಎಲೆಯ ಬಣ್ಣ ಎಂದುಕೊಂಡರೂ ಅದರ ಮರೆಯಲ್ಲಿ ರಕ್ತ ಇರಬಾರದೆಂದೇನಿಲ್ಲವಲ್ಲ.

ಅಪ್ಪನ ಮುಂದೆ ಖಾಲಿ ಸೀಸೆ ಹಿಡಿದೆ. ಅವರು ತೆಗೆದುಕೊಂಡು ಹಿತ್ತಲಿಗೆ ಹೋದರು. ಇನ್ನೊಂದನ್ನು ಚಾಚಿದಾಗ ಅಜ್ಜಿ, "ಥೂ, ನಾಚಿಕೆ ಇಲ್ಲೆಯಾ ನಿಂಗೆ?" ಎಂದು ಕಿತ್ತುಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬಾಳೆಲೆ ಸುತ್ತಿದ ಸೀಸೆಯೊಂದು ಜಗಲಿಯ ಮೇಲಿತ್ತು.

ಡಾಕ್ಟರು ನನ್ನ ಸೀಸೆ ನೋಡಿದ್ದೇ ಮಡಿಕೇರಿಗೆ ಕಾಗದ ಬರೆಯಲು ಪೆನ್ನು ತೆಗೆದರು.

"ಸಾರ್, ಇನ್ನೆರಡು ಇದೆ. ಒಂದು ಅಪ್ಪನದು, ಒಂದು ಅಜ್ಜಿಯದು. ಮೂರೂ ಕೆಂಪು. ಇಡೀ ಮನೆಗೆ ಒಂದೇ ದಿನ ನೆಫ್ರೈಟಿಸ್ ಬಂತಾ?" ಎಂದು ಪಾಯಸದ ಕಥೆ ಹೇಳಿದೆ.

ಅವರು ಪೂರ್ತಿ ಕೇಳಿದರು. "ಬಣ್ಣಕ್ಕೆ ನಿನ್ನ ಹತ್ತಿರ ಉತ್ತರ ಇದೆ. ಕಿಡ್ನಿ ವಾಸಿಯಾಗಿದೆ ಅನ್ನೋದಕ್ಕೆ?"

ನನ್ನ ಸೀಸೆಯನ್ನು ಅವರ ಕಡೆಗೆ ಸರಿಸಿದೆ.

ಸ್ಪಿರಿಟ್ ದೀಪ ಹಚ್ಚಿದರು. ಕೆಂಪು ನೀರು ನಳಿಗೆಯಲ್ಲಿ ಕುದಿಯಿತು. ಅಪ್ಪ ನನ್ನ ತೋಳು ಹಿಡಿದುಕೊಂಡಿದ್ದರು. ಕೆಂಪು ಕೆಂಪಾಗಿಯೇ ಉಳಿಯಿತು, ಹೆಪ್ಪು ಕಟ್ಟಲಿಲ್ಲ.

"ಹೋಗು ಕಾಲೇಜಿಗೆ. ಅಲ್ಲಿ ವಾರಕ್ಕೊಮ್ಮೆ ಪರೀಕ್ಷೆ ಮಾಡಿಸು. ಉಪ್ಪು ಇನ್ನೂ ಮೂರು ತಿಂಗಳು ಇಲ್ಲ."

"ಮೂರೇ ಅನ್ನೋದಕ್ಕೆ ಆಧಾರ?"

"ನನ್ನ ಹೆದರಿಕೆ."

ಆ ಉತ್ತರ ಪ್ರಾಮಾಣಿಕವಾಗಿತ್ತು. ಒಪ್ಪಿಕೊಂಡೆ.

ನಾಳೆ ಹೊರಡುತ್ತೇನೆ. ಕರಾವಳಿ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಮದ್ದು ಪಾಯಸ ಬರೆದಿಟ್ಟಿದ್ದೇನೆ. ಉಪ್ಪಿನ ಮಾತು ಬರಬೇಕಾದ ಸಾಲಿನಲ್ಲಿ ಹೀಗಿದೆ: ಮರುದಿನ ಮೂತ್ರ ಕೆಂಪಾಗುತ್ತದೆ. ಹೆದರಬೇಡಿ. ಆದರೂ ಒಮ್ಮೆ ಕಾಯಿಸಿ ನೋಡಿ.