ಮುನಿಸಿಗೊಂದು ಕಟ್ಟೆ

"ಮನೇಲಿ ಜಗಳ ಆದ್ರೆ ಎಲ್ಲಿ ಹೋಗಿ ಕೂತ್ಕೋತೀರಿ?"

ಮಾಲೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಹೊಸಬರನ್ನು ಎಲ್ಲರೂ ಊರು ಯಾವುದು, ಕೆಲಸ ಎಲ್ಲಿ ಎಂದು ಕೇಳುತ್ತಾರೆ. ಸುಗುಣಕ್ಕ ಕೇಳುತ್ತಿದ್ದದ್ದು ಇದನ್ನು. ಅದೂ ಕಾಫಿ ಆಯ್ತಾ ಎಂದು ವಿಚಾರಿಸುವ ದನಿಯಲ್ಲಿ.

ನನ್ನನ್ನು ಕೇಳಿದಾಗ ಮೊದಲು ಕಿಟಕಿಯ ಕಡೆ ತಿರುಗಿಬಿಟ್ಟೆ. ಆಕೆ ಬಿಡುವವರಲ್ಲ. ಕೊನೆಗೆ, ನಮ್ಮಜ್ಜಿ ಮುನಿಸಿಕೊಂಡರೆ ಹಿತ್ತಲಿನ ಒಗೆಯೋ ಕಲ್ಲಿನ ಮೇಲೆ ಕೂರುತ್ತಿದ್ದರು, ನಾನು ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ಹತ್ತಿರ ಕೂರ್ತೀನಿ ಅಂದೆ.

"ಟ್ಯಾಂಕಿಗೆ ಬೆನ್ನು ಕೊಟ್ಟಾ, ಮುಖ ಕೊಟ್ಟಾ?"

ಕುಟುಂಬದ ಕೇಸು ನಡೆಸುವ ವಕೀಲರಿರಬೇಕು ಅಂದುಕೊಂಡಿದ್ದೆ. ನೋಡಿದರೆ ಆಕೆ ಆರ್ಕಿಟೆಕ್ಟ್. ಮುಳಬಾಗಿಲಿನ ಕಡೆ ಲೆಕ್ಕಪತ್ರ ಬರೆಯುವ ಮನೆತನದ ಮಗಳು, ಮಾಲೂರಿನಲ್ಲಿ ಮನೆ, ಬೆಂಗಳೂರಿನಲ್ಲಿ ಕೆಲಸ. ನರೆತ ಕೂದಲನ್ನು ಗಂಡಸರಂತೆ ಗಿಡ್ಡಗೆ ಕತ್ತರಿಸಿಕೊಂಡು, ಹತ್ತಿ ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು. ಎಲ್ಲಿ ಕೂತರೂ ಮೊದಲು ಸೀಟಿನ ಎತ್ತರವನ್ನು ಗೇಣಿನಲ್ಲಿ ಅಳೆದು ತಲೆಯಾಡಿಸುವುದು ಅಭ್ಯಾಸ. ಸರಿಯಿದೆ ಅಂತ ತಲೆಯಾಡಿಸಿದ್ದನ್ನು ನಾನು ಕಾಣೆ.

ಬೋಗಿಯಲ್ಲಿ ಎಲ್ಲರದ್ದೂ ಒಂದೊಂದು ಉತ್ತರ. ಹೂವಿನ ಮುನಿಯಮ್ಮ, "ಇಟ್ಟಿಗೆ ಗೂಡಿನ ಹಿಂದೆ ಕಣಕ್ಕ, ಚಳೀಲೂ ಬೆಚ್ಚಗಿರ್ತದೆ" ಅಂದಳು. ಫ್ಯಾಕ್ಟರಿಗೆ ಹೋಗುವ ನಂಜುಂಡ, "ನಂಗೆ ಈ ರೈಲೇ. ದಿನಾ ಎರಡೊತ್ತೂ ಮುನಿಸ್ಕೊಂಡೇ ಓಡಾಡ್ತೀನಿ" ಅಂದಾಗ ಬೋಗಿಯೇ ನಕ್ಕಿತು. ಅಪಾರ್ಟ್‌ಮೆಂಟಿನಲ್ಲಿರುವವನೊಬ್ಬ ಮಾತ್ರ ಮೆಲ್ಲಗೆ, "ಬಾತ್‌ರೂಮು, ಮೇಡಂ. ಬೇರೆ ಎಲ್ಲಿದೆ ಜಾಗ?" ಅಂದ. ಆಗ ಸುಗುಣಕ್ಕ ನಗಲಿಲ್ಲ.

ಆಕೆಯ ತಲೆಯಲ್ಲಿದ್ದದ್ದು ಆ ಬಾತ್‌ರೂಮೇ. ಗೋಡೆಗೆ ಗೋಡೆ ತಾಗಿದ ಬೆಂಗಳೂರಿನ ಒಂದು ಬೀದಿಯಲ್ಲಿ ಹನ್ನೆರಡು ಮಹಡಿಯ ವಸತಿ ಕಟ್ಟಡಕ್ಕೆ ನಕ್ಷೆ ಮಾಡುತ್ತಿದ್ದರು. ಮೂರು ಮಹಡಿಗೊಂದು ಕಡೆ, ಒಂದು ಫ್ಲಾಟ್ ಹಿಡಿಸುವಷ್ಟು ಜಾಗವನ್ನು ಖಾಲಿ ಬಿಟ್ಟಿದ್ದರು. ಆಚೆಯಿಂದ ಈಚೆಗೆ ಗಾಳಿ ಆಡಬೇಕು. ಒಳಗೆ ಕೆಂಪು ಗಾರೆಯ ಒಂದು ಕಟ್ಟೆ, ಹೊರಬದಿಗೆ ತಲೆಗಿಂತ ಎತ್ತರಕ್ಕೆ ಮಾಲೂರು ಇಟ್ಟಿಗೆಯ ಜಾಲರಿ.

"ಸಿಟ್ಟು ಬಂದೋರನ್ನ ಅಷ್ಟೆತ್ತರದಲ್ಲಿ ಕೂರಿಸ್ತೀರಲ್ಲಕ್ಕ" ಅಂದೆ.

"ಅದಕ್ಕೇ ಕಣಪ್ಪ ಜಾಲರಿ. ಬೆಳಕು ಬರ್ಲಿ, ಗಾಳಿ ಬರ್ಲಿ, ಇವರು ಬಗ್ಗೋಕಾಗಬಾರದು. ಕಟ್ಟೇನೂ ಆಚೆ ಮುಖಾನೇ. ಮನೆಯವರು ಹುಡುಕ್ಕೊಂಡು ಬಂದ್ರೆ ಬೆನ್ನು ಕಾಣ್ಬೇಕು, ಮುಖ ಕಾಣ್ಬಾರದು. ಇದ್ದಾರೆ ಅಂತ ಗೊತ್ತಾದ್ರೆ ಸಾಕು. ಅಳ್ತಿದ್ದಾರಾ ಇಲ್ವಾ, ಅದು ಅವರ ಸ್ವಂತದ್ದು."

"ನೀವೆಲ್ಲಿ ಕೂತ್ಕೋತೀರಿ?" ಎಂದು ಕೇಳಿಯೇ ಬಿಟ್ಟೆ.

"ನಂದಿನ್ನೂ ಕಟ್ಟಿಲ್ಲ" ಅಂದರು.

ಆ ಕಟ್ಟಡ ಕಟ್ಟಿಸುತ್ತಿದ್ದವನು ನನ್ನ ದೊಡ್ಡಮ್ಮನ ಮಗ, ಶ್ರೀನಿವಾಸಪುರದ ಮಾವಿನ ಮಂಡಿ ಗೋವಿಂದಪ್ಪ ಎಂದು ಒಂದು ದಿನ ಮಾತಿನಲ್ಲಿ ಹೊರಬಿತ್ತು. ಖಾಲಿ ಜಾಗವನ್ನೆಲ್ಲ ಮುಚ್ಚಿ ಫ್ಲಾಟ್ ಮಾಡಿ ಎಂದು ಅವನ ಹಟ. ಮುಚ್ಚುವುದಾದರೆ ಕೆಲಸವೇ ಬೇಡ ಎಂದು ಇವರದು. ಆ ಭಾನುವಾರವೇ ಸುಗುಣಕ್ಕ ನನ್ನನ್ನು ಎಳೆದುಕೊಂಡು ಶ್ರೀನಿವಾಸಪುರದ ಬಸ್ಸು ಹತ್ತಿದರು.

ಗೋವಿಂದಪ್ಪ ಜಗುಲಿಯಲ್ಲಿ ಮಾವಿನಹಣ್ಣು ಹಿಚುಕುತ್ತ ಕೂತಿದ್ದ. "ಏಮಮ್ಮಾ ಇದಿ, ಏನಿದು? ಗಾಳೀನ ಯಾರಮ್ಮ ಕೊಂಡ್ಕೊಳ್ತಾರೆ?"

"ಅದಿರ್ಲಿ. ಮನೇಲಿ ಜಗಳ ಆದ್ರೆ ನೀವೆಲ್ಲಿ ಹೋಗಿ ಕೂತ್ಕೋತೀರಿ?"

"ನಮ್ಮನೇಲಿ ಜಗಳಾನೇ ಆಗಲ್ಲ."

ಒಳಗಿನಿಂದ ಅತ್ತಿಗೆಯ ದನಿ ಬಂತು. "ತೋಟದ ಪಂಪ್‌ಹೌಸಲ್ಲಿ ಕೂತ್ಕೋತಾರಮ್ಮ! ಊಟಕ್ಕೆ ಕರೆಯೋಕೆ ಆಳು ಕಳಿಸ್ಬೇಕು."

"ಲೇ, ನೀನು ಸುಮ್ನಿರೇ."

"ಯಾಕೆ ಸುಮ್ನಿರ್ಲಿ? ನಿಮಗೆ ತೋಟ ಐತೆ. ನಾನೆಲ್ಲಿಗೆ ಹೋಗ್ಲಿ? ಆ ಬಿಲ್ಡಿಂಗಿಗೆ ನನ್ನ ಕರ್ಕೊಂಡು ಹೋಗ್ತೀನಿ ಅಂತೀರಲ್ಲ, ಅಲ್ಲಿ ಎಲ್ಲಿ ಹೋಗ್ಲಿ, ಲಿಫ್ಟಿಗಾ?"

ಮಾತಿಗೆ ಮಾತು ಬೆಳೆಯಿತು. ಗೋವಿಂದಪ್ಪ ಅರ್ಧ ತಿಂದ ಹಣ್ಣನ್ನು ತಟ್ಟೆಗೆ ಹಾಕಿ, ಚಪ್ಪಲಿ ಮೆಟ್ಟಿ ತೋಟದ ಕಡೆ ಹೊರಟೇಬಿಟ್ಟ. ಗೇಟಿನ ಹತ್ತಿರ ತಾನು ಎಲ್ಲಿಗೆ ಹೊರಟಿದ್ದೇನೆ ಎಂದು ಅವನಿಗೇ ಹೊಳೆದಿರಬೇಕು. ಅಲ್ಲೇ ನಿಂತ. ತಿರುಗಿ ನೋಡದೆ, "ಬಿಡಮ್ಮ ಖಾಲಿ, ಬಿಟ್ಟು ಸಾಯಿ!" ಅಂದು ಮುಂದೆ ನಡೆದ. ಸುಗುಣಕ್ಕ ಉಳಿದ ಹಣ್ಣುಗಳಲ್ಲಿ ಒಂದನ್ನು ಆರಿಸಿಕೊಂಡು ತಿಂದರು.

ಕಟ್ಟಡವೂ ಎದ್ದಿತು, ಜನವೂ ತುಂಬಿದರು, ಗೋವಿಂದಪ್ಪನೂ ಅತ್ತಿಗೆಯೂ ಅಲ್ಲಿಗೆ ಹೋದರು. ಆದರೆ ಮನೆ ಕೊಂಡವರ ಸಂಘದ ಮುಂದೆ ಗೋವಿಂದಪ್ಪನ ಮಾತು ನಡೆಯಬೇಕಲ್ಲ. ಹಳೇ ಸೈಕಲ್ಲು, ಸೂಟ್‌ಕೇಸು ಇಡಲು ಜಾಗವಿಲ್ಲ, ಕಟ್ಟೆಯ ಜಾಗಗಳಿಗೆ ಶಟರ್ ಹಾಕಿ ಉಗ್ರಾಣ ಮಾಡೋಣ ಎಂದು ಸಂಘ ತೀರ್ಮಾನಿಸಿತು.

ಒಂದು ದಿನ ಗೋವಿಂದಪ್ಪ ಫೋನ್ ಮಾಡಿದ. "ನಿಮ್ಮ ಸುಗುಣಕ್ಕ ಮೀಟಿಂಗಿಗೆ ಬಂದಿದ್ರು ಕಣೋ. ಮುಚ್ಬೇಡಿ ಅಂತ ಎಷ್ಟು ಕೇಳ್ಕೊಂಡ್ರೂ ಯಾರೂ ಒಪ್ಲಿಲ್ಲ. ಎದ್ದು ಹೋದ್ರು, ಗೇಟಿನಾಚೆ ಹೋಗಿದ್ದು ಯಾರೂ ನೋಡಿಲ್ಲ. ಬಾರಪ್ಪ ಸ್ವಲ್ಪ."

ಆಫೀಸಿನಿಂದ ನೇರ ಹೋದೆ. ಕೆಳಗಿನ ಕಟ್ಟೆಗಳಿಗೆಲ್ಲ ಆಗಲೇ ಶಟರ್ ಬಿದ್ದಿತ್ತು. ಉಳಿದಿದ್ದದ್ದು ಹನ್ನೆರಡನೇ ಮಹಡಿಯದೊಂದೇ. ಅಲ್ಲಿ ಲಿಫ್ಟಿನ ಪಕ್ಕದಲ್ಲಿ ವೆಲ್ಡಿಂಗ್ ಹುಡುಗ ಕಬ್ಬಿಣದ ಪಟ್ಟಿಗಳನ್ನು ಗೋಡೆಗೆ ಒರಗಿಸಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ.

"ಯಾಕಪ್ಪ, ಕೆಲಸ ನಿಲ್ಲಿಸಿದ್ದೀಯ?"

ಅವನು ದನಿ ತಗ್ಗಿಸಿದ. "ಯಾರೋ ಅಮ್ಮ ಕೂತವ್ರೆ ಸಾರ್. ಎದ್ಮೇಲೆ ಹಾಕ್ತೀನಿ."

ಇಣುಕಿದೆ. ಜಾಲರಿಯ ಬೆಳಕು ಚೌಕಚೌಕವಾಗಿ ನೆಲದ ಮೇಲೆ ಬಿದ್ದಿತ್ತು. ನರೆತ ಗಿಡ್ಡ ಕೂದಲು, ಹತ್ತಿ ಸೀರೆ, ಬೆನ್ನು. ಕೂಗಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಇದ್ದಾರೆ ಅಂತ ಗೊತ್ತಾಯಿತಲ್ಲ. ಲಿಫ್ಟು ಹಿಡಿದು ಕೆಳಗಿಳಿದೆ.

ನಾನು ಸುಗುಣಕ್ಕನನ್ನು ಕಂಡದ್ದು ಅದೇ ಕೊನೆ. ಆ ತಿಂಗಳಲ್ಲೇ ಪುಣೆಯಲ್ಲಿ ಬೇರೆ ಕೆಲಸ ಹಿಡಿದು ಹೋದರಂತೆ. ರೈಲಿನಲ್ಲಿ ಈಗ ಯಾರೂ ಯಾರನ್ನೂ ಅಂಥದ್ದೆಲ್ಲ ಕೇಳುವುದಿಲ್ಲ.

ಮೊನ್ನೆ ಗೋವಿಂದಪ್ಪ ಸಿಕ್ಕಾಗ ಹನ್ನೆರಡನೇ ಮಹಡಿಯ ಶಟರ್ ಏನಾಯಿತು ಎಂದು ಕೇಳಿದೆ.

"ಎಲ್ಲಿ ಹಾಕ್ತಾನೆ? ಆ ಹುಡುಗ ಬಂದಾಗೆಲ್ಲ ಯಾರೋ ಒಬ್ರು ಕೂತಿರ್ತಾರಂತೆ. ಕಾದು ಕಾದು ವಾಪಸ್ ಹೋಗ್ತಾನೆ."

"ಯಾರು ಕೂತಿರ್ತಾರೆ, ಅತ್ತಿಗೇನಾ?"

"ಬೆನ್ನು ತಾನೇ ಕಾಣೋದು" ಅಂದ ಗೋವಿಂದಪ್ಪ, "ಯಾರು ಅಂತ ಹೇಳ್ಲಿ?"