ನಾಲ್ಕು ವರ್ಷದ ಬಾಗಿಲು, ಐದು ವರ್ಷದ ಬಾಗಿಲು

ಸಾಯುವವನನ್ನೇ ಎದುರಿಗೆ ಕೂರಿಸಿಕೊಂಡು ನೀನು ಸಾಯುತ್ತೀಯ ಎಂದು ಹೇಳುವ ದೇಶಕ್ಕೆ ಬಂದಿದ್ದೇನೆ ಎಂದು ನನಗೆ ಗೊತ್ತಾದದ್ದು ನರ್ಸಾಗಿ ವಾರ್ಡು ಸೇರಿದ ಮೊದಲ ವಾರದಲ್ಲಿ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಮುದುಕ, ರಿಟೈರಾದ ಬಸ್ ಡ್ರೈವರ್. ನನಗಿಂತ ಚಿಕ್ಕವಳೇ ಇರಬೇಕು, ಒಬ್ಬಳು ಡಾಕ್ಟರು ಬಂದು ಪರದೆ ಎಳೆದಳು, ಕುರ್ಚಿ ಹತ್ತಿರ ಸರಿಸಿಕೊಂಡಳು, ಔಷಧಿ ಇನ್ನು ಕೆಲಸ ಮಾಡುವುದಿಲ್ಲ, ಬೇಸಿಗೆಯವರೆಗೆ ನೀವು ಇರುವುದು ಕಷ್ಟ ಅಂದಳು. ಅವನ ಹೆಂಡತಿ ಪಕ್ಕದಲ್ಲಿರಲಿಲ್ಲ, ಮಕ್ಕಳಿರಲಿಲ್ಲ. ಹೊದಿಕೆಯ ಅಂಚು ಹಿಡಿದುಕೊಂಡೇ ನನ್ನ ಕಡೆ ತಿರುಗಿ, "ಒಂದು ಟೀ ಸಿಗುತ್ತಾ, ಲವ್?" ಅಂದ. ಇಂಗ್ಲೆಂಡಿನ ಈ ಉತ್ತರದ ಕಡೆ ಗುರುತಿಲ್ಲದವರನ್ನೂ ಲವ್ ಎಂದೇ ಕರೆಯುತ್ತಾರೆ. ನಮ್ಮ ಬಸ್ಸಿನಲ್ಲಿ "ಅಕ್ಕಾ, ವಸಿ ಸರ್ಕೊಳಿ" ಅಂದಷ್ಟೇ ಅದರ ತೂಕ. ಟೀ ಮಾಡಲು ಹೋದವಳು ಕೆಟಲ್ ಮುಂದೆ ನಿಂತು ಆ ಡಾಕ್ಟರನ್ನು ಬಾಯ್ತುಂಬ ಬೈದೆ. ಕನ್ನಡದಲ್ಲಿ ಬೈದದ್ದರಿಂದ ಕೆಲಸ ಉಳಿಯಿತು.

ನಮ್ಮಲ್ಲಿ ಹೀಗೆ ಉಂಟೇ? ಮಧುಗಿರಿಯಾಗಲಿ ಶಿರಾ ಆಗಲಿ, ರೋಗಿಯ ಎದುರು ಡಾಕ್ಟರು "ಏನಿಲ್ಲ, ಚೆನ್ನಾಗಿ ಊಟ ಮಾಡಿ" ಅನ್ನುತ್ತಾರೆ. ಆಮೇಲೆ ಜೊತೆಯಲ್ಲಿ ಬಂದವರನ್ನು ಕಾರಿಡಾರಿಗೆ ಕರೆದು ನಿಜ ಹೇಳುತ್ತಾರೆ. ಶಿರಾದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುತ್ತಿದ್ದಾಗ ಹಾಗೆ ಕರೆಯುವವಳು ನಾನೇ. "ಜೊತೇಲಿ ಯಾರ್ ಬಂದಿದೀರಾ?" ಎಂದು ಒಂದು ಸಲ, "ಸಾತ್ ಮೇ ಕೌನ್ ಆಯೇ ಜೀ?" ಎಂದು ಉರ್ದುವಿನಲ್ಲಿ ಇನ್ನೊಂದು ಸಲ. ರೋಗಿಗೆ ಎಲ್ಲ ಗೊತ್ತಿರುತ್ತದೆ, ಗೊತ್ತಿಲ್ಲದವರ ಹಾಗೆ ಇರುತ್ತಾರೆ. ಅದೂ ಒಂದು ಮರ್ಯಾದೆ ಎಂದು ನಾನು ತಿಳಿದಿದ್ದೆ.

ನಮ್ಮದು ಕೊರಟಗೆರೆ ತಾಲ್ಲೂಕು, ಹೊಳವನಹಳ್ಳಿ ಕಡೆಯ ಒಂದು ಹಳ್ಳಿ. ಅಪ್ಪ ತೋವಿನಕೆರೆ ಸುತ್ತಮುತ್ತ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರ ಕಾಲದಲ್ಲೇ ನಮ್ಮ ಮನೆ ಬುದ್ಧನ ಕಡೆ ತಿರುಗಿತು. ಊರು ಮಾತ್ರ ನಮ್ಮ ಕಡೆ ತಿರುಗಲಿಲ್ಲ. ಪಿಯುಸಿ ಮುಗಿಸಿ ಮೆಡಿಕಲ್ ಸೀಟಿಗೆ ಪರೀಕ್ಷೆ ಬರೆದೆ, ಸೀಟು ಸ್ವಲ್ಪದರಲ್ಲಿ ತಪ್ಪಿತು. ನಮ್ಮ ದೇಶದಲ್ಲಿ ಡಾಕ್ಟರಾಗುವ ಬಾಗಿಲು ಹದಿನೆಂಟರ ಆಸುಪಾಸಿನಲ್ಲಿ ಒಮ್ಮೆ ತೆರೆಯುತ್ತದೆ. ಆಗ ಒಳಗೆ ಹೋಗದವರಿಗೆ ಡಿಗ್ರಿ ಮುಗಿಸಿ ಬಂದರೂ ಬೇರೆ ಬಾಗಿಲಿಲ್ಲ, ಅದೇ ಬಾಗಿಲಲ್ಲಿ ಮಕ್ಕಳ ಜೊತೆ ನಿಲ್ಲಬೇಕು. ನಾನು ಬಿಎಸ್ಸಿ ನರ್ಸಿಂಗ್ ಓದಿ ಶಿರಾ ಸೇರಿ, ಅಲ್ಲಿಂದ ಇಲ್ಲಿಗೆ ಬಂದೆ.

ಇಲ್ಲಿಗೆ ಬಂದು ಸುಖವಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಬಾಡಿಗೆ ಕೋಣೆಯ ಗೋಡೆಗೆ ಚಳಿಗಾಲ ಪೂರ್ತಿ ಬೂಷ್ಟು. ಮನೆ ಮಾಲೀಕನಿಗೆ ಹೇಳಿದರೆ "ನೀವು ಅಡುಗೆ ಜಾಸ್ತಿ ಮಾಡ್ತೀರಿ" ಅನ್ನುತ್ತಾನೆ. ಹೊರಗೆ ಹಿಮ ಬೀಳುತ್ತಿದ್ದರೂ ಕಿಟಕಿ ತೆಗೆದಿಡಬೇಕಂತೆ. ಮುದ್ದೆ ತಿರುವಿದರೆ ಪಕ್ಕದ ಮನೆಯವಳು ಗೋಡೆ ಗುದ್ದುತ್ತಾಳೆ, ಒಗ್ಗರಣೆ ಹಾಕಿದರೆ ಚಾವಣಿಯ ಹೊಗೆ ಗಂಟೆ ಬಡಿದುಕೊಳ್ಳುತ್ತದೆ. ಅಮ್ಮನ ತವರು ಶಿರಾದ ಗೌಡಗೆರೆ ಕಡೆ. ಗಿಡ ಕಿತ್ತು ಮಣ್ಣು ಕೊಡವಿ ಹಸಿ ಕಡ್ಲೆಕಾಯಿ ತಿಂದು ಬೆಳೆದವಳು ನಾನು. ಇಲ್ಲಿ ಅದನ್ನೇ ಉಪ್ಪು ಸವರಿ ಬೆರಳುದ್ದದ ಪೊಟ್ಟಣದಲ್ಲಿ ಹೆಂಡದಂಗಡಿಯಲ್ಲಿ ಮಾರುತ್ತಾರೆ. ಮೊದಲ ವರ್ಷ ನನ್ನ ಗೆಲುವು ಎಂದರೆ ಇಷ್ಟೇ: ಗೋಡೆ ಗುದ್ದಿದವಳ ಬಾಗಿಲು ತಟ್ಟಿ, ಇದು ನನ್ನ ಊಟ, ದಿನಾ ಮಾಡುತ್ತೇನೆ ಎಂದು ಇಂಗ್ಲಿಷಿನಲ್ಲಿ ತಡವರಿಸದೆ ಹೇಳಿ ಬಂದದ್ದು.

ಪದ್ಮಕ್ಕ ಸಿಕ್ಕಿದ್ದು ಆಮೇಲೆ. ಪಾವಗಡದವಳು, ನನಗಿಂತ ಹತ್ತು ವರ್ಷ ದೊಡ್ಡವಳು, ನಮ್ಮ ಆಸ್ಪತ್ರೆಯಲ್ಲೇ ಹಳೆಯ ನರ್ಸು. ಅವಳ ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮನೆ ಸೇರುತ್ತದೆ. ಈ ದೇಶದಲ್ಲಿ ಡಾಕ್ಟರಾಗಲು ಎರಡು ಬಾಗಿಲಿವೆ ಎಂದು ನನಗೆ ಹೇಳಿದವಳು ಅವಳೇ. ಶಾಲೆ ಮುಗಿಸಿದ ಮಕ್ಕಳು ನೇರವಾಗಿ ಸೇರುವುದು ಐದು ವರ್ಷದ ಕೋರ್ಸು. ಯಾವುದೋ ಡಿಗ್ರಿ ಮುಗಿಸಿದವರಿಗೆಂದೇ ಇರುವುದು ನಾಲ್ಕು ವರ್ಷದ್ದು. ಡಿಗ್ರಿ ಇದ್ದವರು ಐದರದ್ದಕ್ಕೂ ಸೇರಬಹುದು, ಆದರೆ ಖರ್ಚು ಹೆಚ್ಚು, ಸಹಾಯ ಕಡಿಮೆ.

"ನಾಲ್ಕು ವರ್ಷದ್ದಕ್ಕೇ ಸೇರ್ಕೋಮ್ಮಾ. ಒಂದು ವರ್ಷ ಮಿಗಿಲ್ತುಂದಿ ಕದಾ! ಆಲೋಚ್ನೆ ಏನಕ್ಕೆ?" ಅಂದಳು ಪದ್ಮಕ್ಕ.

ಆಲೋಚನೆ ಯಾಕೆಂದರೆ, ಹೊರದೇಶದಲ್ಲಿ ಕಲಿತ ವೈದ್ಯಕೀಯ ನಾಲ್ಕೂವರೆ ವರ್ಷಕ್ಕಿಂತ ಕಡಿಮೆಯದಾದರೆ ನಮ್ಮ ದೇಶ ಒಪ್ಪುವುದಿಲ್ಲ. ನಾಲ್ಕು ವರ್ಷದ್ದು ಓದಿದರೆ ನಾನು ಇಲ್ಲಿ ಡಾಕ್ಟರು. ವಿಮಾನ ಇಳಿದು ಕೊರಟಗೆರೆ ಬಸ್ಸು ಹತ್ತಿದರೆ ಬರೀ ನರ್ಸು. ಊರಲ್ಲೂ ಡಾಕ್ಟರಾಗಬೇಕಾದರೆ ಐದು ವರ್ಷದ್ದೇ ಆಗಬೇಕು, ಅದಕ್ಕೂ ಮೊದಲು ನಮ್ಮ ದೇಶದ ನೀಟ್ ಪರೀಕ್ಷೆ ಪಾಸಾಗಿರಬೇಕು. ಇದನ್ನು ಫೋನಿನಲ್ಲಿ ವಿವರಿಸಿದಾಗ ಅಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಐದೊರ್ಷದ್ದೇ ಓದು ಕಣಮ್ಮ. ಅದೇ ಸಂತೆಬೀದೀಲಿ ನಿನ್ ಬೋರ್ಡು ತಗಲಾಕ್ಬೇಕು. ಬಂದೋರ್ನೆಲ್ಲ ಕೂರ್ಸಿ ನೋಡ್ಬೇಕು."

'ಕೂರಿಸಿ' ಎಂದದ್ದು ಸುಮ್ಮನೆ ಅಲ್ಲ. ಸಂತೆಬೀದಿಯಲ್ಲಿ ಒಬ್ಬರು ಡಾಕ್ಟರಿದ್ದಾರೆ. ನಮ್ಮ ಕೇರಿಯವರು ಹೋದರೆ ಸ್ಟೂಲು ತೋರಿಸುವುದಿಲ್ಲ. ಬಾಗಿಲ ಹತ್ತಿರವೇ ನಿಲ್ಲಿಸಿ ನಾಲಿಗೆ ಚಾಚು, ಎಷ್ಟು ದಿನದಿಂದ ಎಂದು ಕೇಳಿ ಚೀಟಿ ಬರೆಯುತ್ತಾರೆ. ನನ್ನ ಬಾಲ್ಯದ ಜ್ವರಗಳೆಲ್ಲ ಆ ಹೊಸ್ತಿಲಲ್ಲಿ ನಿಂತೇ ಇಳಿದವು. ಅಪ್ಪ ಸರ್ಕಾರಿ ಮೇಷ್ಟ್ರು, ಆ ಡಾಕ್ಟರ ಮಕ್ಕಳಿಗೆ ಪಾಠ ಹೇಳಿದವರು; ಅವರೂ ನಿಂತೇ ಇರುತ್ತಿದ್ದರು.

ಮೊದಲ ಸಲ ನಾಲ್ಕು ವರ್ಷದ ಕೋರ್ಸಿಗೆ ಅರ್ಜಿ ಹಾಕಿದೆ, ಹೇಗಿರುತ್ತದೆ ನೋಡೋಣ ಎಂದು. ಸಂದರ್ಶನಕ್ಕೆ ಕರೆದರು. ಅಲ್ಲಿ ಪುಸ್ತಕದ ಪ್ರಶ್ನೆ ಕೇಳುವುದಿಲ್ಲ, ಒಂದೊಂದು ಕೋಣೆಯಲ್ಲಿ ಒಂದೊಂದು ಸನ್ನಿವೇಶ ಇಟ್ಟಿರುತ್ತಾರೆ. ನನ್ನ ಕೋಣೆಯ ಬಾಗಿಲಿಗೆ ಹೀಗೆ ಬರೆದಿತ್ತು: ಊರಿಗೆ ಹೋಗಿದ್ದ ನೆರೆಯಾಕೆ ತನ್ನ ಬೆಕ್ಕನ್ನು ನಿಮ್ಮ ಬಳಿ ಬಿಟ್ಟಿದ್ದರು, ಬೆಕ್ಕು ಸತ್ತಿದೆ, ಆಕೆ ಬಂದಿದ್ದಾರೆ, ಹೇಳಿ. ಒಳಗೆ ನೆರೆಯಾಕೆಯ ಪಾತ್ರಕ್ಕೆ ಒಬ್ಬ ನಟಿ, ಮೂಲೆಯಲ್ಲಿ ಅಂಕ ಹಾಕುವವರು.

ನಾನು ನಮ್ಮ ಕಡೆಯ ಎಲ್ಲ ಸಂಸ್ಕಾರವಂತರೂ ಮಾಡುವುದನ್ನೇ ಮಾಡಿದೆ. ಮೊದಲು ನೀರು ಕುಡಿಯುತ್ತೀರಾ ಎಂದು ಕೇಳಿದೆ. ಪ್ರಯಾಣ ಹೇಗಿತ್ತು ಅಂದೆ. ಆಮೇಲೆ, ಬೆಕ್ಕಿಗೆ ಸ್ವಲ್ಪ ಸೀರಿಯಸ್ಸಾಗಿದೆ ಅಂದೆ. ನಮ್ಮಲ್ಲಿ ಪ್ರಾಣ ಹೋದ ಮೇಲೂ ಫೋನ್ ಮಾಡಿ "ಸೀರಿಯಸ್ಸು, ಹೊರಟು ಬಾ" ಎಂದೇ ಅಲ್ಲವೇ ಹೇಳುವುದು? ಬರುವವರು ಬಸ್ಸಿನಲ್ಲಿ ಅಳುತ್ತ ಕೂರಬಾರದು, ಅಷ್ಟೇ. ಆಕೆ "ಹೌದಾ! ನೋಡಬಹುದಾ?" ಎಂದು ಎದ್ದೇ ನಿಂತಳು. ಕೂತುಕೊಳ್ಳಿ, ನಿಮ್ಮ ಮನೆಯಲ್ಲಿ ಇನ್ನು ಯಾರಿದ್ದಾರೆ, ಮಗನ ನಂಬರು ಕೊಡಿ ಅಂದೆ. "ನಾನೊಬ್ಬಳೇ ಇರೋದು. ನನ್ನ ಬೆಕ್ಕು ಎಲ್ಲಿ?" ಅಂದಳು. ಗಂಟೆ ಹೊಡೆಯಿತು. ಅವರ ಪ್ರಕಾರ ಬೆಕ್ಕು ಇನ್ನೂ ಬದುಕಿತ್ತು. ನನ್ನ ಪ್ರಾಮಾಣಿಕತೆಗೆ ಸೊನ್ನೆ ಬಂತು.

ಪ್ರಾಮಾಣಿಕತೆಗೆ! ಆ ಸೊನ್ನೆಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಆ ಬೇಸಿಗೆ ರಜೆ ಹಾಕಿ ಊರಿಗೆ ಬಂದು ತುಮಕೂರಿನಲ್ಲಿ ನೀಟ್ ಬರೆದೆ. ಗೇಟಿನಲ್ಲಿ ಕಾಲೇಜಿನವನೊಬ್ಬ "ಪೇರೆಂಟ್ಸೆಲ್ಲ ಆಚೆ ನಿಂತ್ಕೊಳ್ಳಿ" ಎಂದು ನನ್ನನ್ನು ತಡೆದ. ಪ್ರವೇಶಪತ್ರ ತೋರಿಸಿದೆ. ಫೋಟೋ ನೋಡಿದ, ನನ್ನ ಮುಖ ನೋಡಿದ, "ಈ ವಯಸ್ಸಲ್ಲಿ ಯಾಕ್ ಮೇಡಂ?" ಅಂದ. ಒಡವೆ ಹಾಕಿಕೊಂಡು ಬರೆಯುವಂತಿಲ್ಲ, ಮೂಗುಬಟ್ಟು ಬಿಚ್ಚಿ ಅವನ ಕೈಗೇ ಕೊಟ್ಟು ಒಳಗೆ ಹೋದೆ. ಪಕ್ಕದ ಡೆಸ್ಕಿನ ಹುಡುಗಿ ಹೆದರಿ ಅಳುತ್ತಿದ್ದಳು. ಅವಳನ್ನು ಸಮಾಧಾನ ಮಾಡಲೂ ಮನಸ್ಸಾಗಲಿಲ್ಲ, ಅಷ್ಟು ಕಹಿಯಾಗಿದ್ದೆ. ಪಾಸಾದೆ ಎಂದು ಫಲಿತಾಂಶ ಬಂದಾಗ ಅಪ್ಪ ಕೇರಿಗೆಲ್ಲ ಮೈಸೂರ್ ಪಾಕು ಹಂಚಿದರಂತೆ.

ಆದರೆ ಆ ರಜೆಯಲ್ಲೇ ಇನ್ನೊಂದು ನಡೆಯಿತು. ಅಪ್ಪನ ಕಾಲಿಗೆ ತಗಡು ಕುಯ್ದು ಹೊಲಿಗೆ ಹಾಕಿಸಬೇಕಾಯಿತು, ಹತ್ತಿರದಲ್ಲಿದ್ದದ್ದು ಅದೇ ಡಾಕ್ಟರು. ಈಗ ಕ್ಲಿನಿಕ್ಕಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲೇ ಇದೆ. ಅಪ್ಪ ಕುರ್ಚಿಗಳನ್ನು ದಾಟಿ ಹೋಗಿ ಗೋಡೆ ಹಿಡಿದು ನಿಂತರು. ನಾನು ಒಂದು ಕುರ್ಚಿ ಎಳೆದು ತಂದೆ.

"ಕೂತ್ಕೊಳಪ್ಪ."

"ಪರ್ವಾಗಿಲ್ಲ ಬುಡಮ್ಮ, ಇಂಗೇ ನಿಂತಿರ್ತೀನಿ."

"ಕಾಲಲ್ಲಿ ರಕ್ತ ಸುರೀತೈತೆ, ಕೂತ್ಕೋ ಅಂದ್ರೆ!"

ಕೂರಲಿಲ್ಲ. ನಿಲ್ಲಿ ಎಂದು ಈಗ ಯಾರೂ ಹೇಳಬೇಕಾಗಿಲ್ಲ. ಡಾಕ್ಟರು ನನ್ನನ್ನು ನೋಡಿ ನಕ್ಕರು. "ಏನಮ್ಮ, ಫಾರಿನ್ನಲ್ಲಿ ನರ್ಸಂತೆ? ಅಲ್ಲಿ ರೋಗಿಗಳ ಹೇಲು ಉಚ್ಚೆ ಎಲ್ಲ ನರ್ಸ್‌ಗಳೇ ಬಳೀಬೇಕಂತಲ್ಲ. ಪರವಾಗಿಲ್ಲ, ನಿಮಗೆ ಅಭ್ಯಾಸ ಇರುತ್ತೆ ಬಿಡಿ." ತುಂಬ ಮೃದುವಾಗಿ, ಹೊಗಳುವವರ ಹಾಗೆ ಹೇಳಿದರು. ಅಪ್ಪ ನನ್ನ ಮುಂಗೈ ಹಿಡಿದುಕೊಂಡರು. ಆ ಹಿಡಿತ ಇಲ್ಲದಿದ್ದರೆ ನಾನು ಕುರ್ಚಿ ಎತ್ತಿ ಬೀಸುತ್ತಿದ್ದೆ.

ಆ ಬೀದಿಯಲ್ಲಿ ನನ್ನ ಬೋರ್ಡು. ಬರುವವರು ಯಾರು? ಅವರೇ. ನಮ್ಮನ್ನು ನಿಲ್ಲಿಸಿದ ಊರಿನವರ ನಾಡಿ ಹಿಡಿಯಬೇಕು, ಕೆಮ್ಮು ಕೇಳಬೇಕು. ವಿಮಾನದಲ್ಲಿ ಪೂರ್ತಿ ಅದನ್ನೇ ಯೋಚಿಸಿದೆ. ಯಾಕೆ ಹಿಡಿಯಬೇಕು?

ಮರುವರ್ಷ ಎರಡೂ ಕೋರ್ಸಿಗೆ ಅರ್ಜಿ ಹಾಕಿದೆ. ಪದ್ಮಕ್ಕ ಅಡುಗೆಮನೆಯಲ್ಲಿ ನೆರೆಯಾಕೆಯಾಗಿ ಕೂತಳು. ನಾನು ಎದುರು ನಿಂತು, ನಿಮ್ಮ ಬೆಕ್ಕು ಸತ್ತಿದೆ ಅನ್ನಬೇಕು. ಮೊದಮೊದಲು ಬಾಯಿ ಬರಲಿಲ್ಲ. ಬಂದ ಮೇಲೆ ಜೋರಾಗಿ ಬಂತು. "ಅಯ್ಯಯ್ಯೋ ಏಂದೇ ಇದಿ! ಸುದ್ದಿ ಹೇಳ್ತೀಯೋ ಶಾಪ ಹಾಕ್ತೀಯೋ? ಮೆಲ್ಲಗಾ ಚೆಪ್ಪಮ್ಮಾ" ಎಂದು ಪದ್ಮಕ್ಕ ಬೈದಳು. ವಾರಗಟ್ಟಲೆ ಸತ್ತೂ ಸತ್ತೂ ಆ ಬೆಕ್ಕು ನನಗೆ ಕಲಿಸಿತು: ಕೂತುಕೊಳ್ಳಬೇಕು, ಕಣ್ಣು ನೋಡಬೇಕು, ಒಂದೇ ಸಲಕ್ಕೆ ಹೇಳಬೇಕು, ಹೇಳಿದ ಮೇಲೆ ಎದ್ದು ಹೋಗಬಾರದು. ಸಂದರ್ಶನಗಳಲ್ಲಿ ಹಾಗೇ ಮಾಡಿದೆ. ಎರಡೂ ಕಡೆಯಿಂದ ಸೀಟು ಬಂತು.

ಯಾವುದು ಎಂದು ತಿಳಿಸಬೇಕಿದ್ದ ವಾರ ವಾರ್ಡಿನಲ್ಲಿ ಒಬ್ಬಳು ಮುದುಕಿಯ ರಕ್ತ ತೆಗೆಯಲು ಹೋದೆ. ತೋಳು ಹಿಡಿದೆ, ಎಳೆದುಕೊಂಡಳು. "ನಿನ್ನಂಥವಳು ಬೇಡ, ನಮ್ಮವಳೊಬ್ಬಳನ್ನ ಕಳಿಸು" ಅಂದಳು. ಲವ್ ಅಂತಲೂ ಸೇರಿಸಿದಳು, ಅದು ಇಲ್ಲಿಯ ಅಭ್ಯಾಸ. ನಾನು ಸಿರಿಂಜು ಟ್ರೇಯಲ್ಲಿಟ್ಟು ಬೇರೆಯವಳನ್ನು ಕಳಿಸಿದೆ. ಮಾತಾಡದೆ ಬಂದದ್ದು ನನಗೆ ಆಮೇಲೆ ಗೊತ್ತಾಗಿ ಮೈ ಉರಿಯಿತು.

ಆದರೂ ನಾಲ್ಕು ವರ್ಷದ್ದಕ್ಕೇ ಹೂಂ ಎಂದು ತಿಳಿಸಿದೆ.

ಇಂಥ ಸುದ್ದಿಯನ್ನು ನಮ್ಮ ಮನೆಯಲ್ಲಿ ಅಪ್ಪನಿಗೆ ನೇರವಾಗಿ ಹೇಳುವ ಪದ್ಧತಿಯಿಲ್ಲ. ಅಮ್ಮನಿಗೆ ಹೇಳಬೇಕು, ಅಮ್ಮ ಸಮಯ ನೋಡಿ ಸಾರು ಬಡಿಸುವಾಗ ಹೇಳಬೇಕು. ಫೋನ್ ತೆಗೆದದ್ದು ಅಮ್ಮನೇ. ಅಪ್ಪನಿಗೇ ಕೊಡು ಅಂದೆ.

"ಅಪ್ಪ, ನಾಲ್ಕೊರ್ಷದ್ದಕ್ಕೆ ಸೇರ್ತಾ ಇದೀನಿ. ಅಲ್ಲಿ ಬೋರ್ಡ್ ಹಾಕಾಕಾಗಲ್ಲ. ಯಾವತ್ತೂ ಆಗಲ್ಲ."

ಫೋನ್ ಇಡದೆ ಕಾದೆ. ಹಿಂದೆ ಅಮ್ಮ "ಏನಂತೆ, ಏನಂತೆ" ಅನ್ನುತ್ತಿದ್ದಳು.

"ಬರಾಕಾಗಲ್ವೋ," ಅಂದರು ಅಪ್ಪ, "ಬರಾಕಿಷ್ಟ ಇಲ್ವೋ?"

ನಿಯಮದ ಹಿಂದೆ ಅಡಗಿಕೊಳ್ಳಲು ಅದೊಂದು ಒಳ್ಳೆಯ ಅವಕಾಶ. ಖರ್ಚಿನ ಹಿಂದೆಯೂ ಅಡಗಬಹುದಿತ್ತು.

"ಇಷ್ಟ ಇಲ್ಲ ಕಣಪ್ಪ."

"ನಂಗೊತ್ತಿತ್ತು. ಅವತ್ತು ನಿನ್ ಕೈ ಹಿಡ್ಕಂಡಾಗ್ಲೇ ಗೊತ್ತಾಯ್ತು. ನಂಗೂ ಇರ್ಲಿಲ್ಲ ಕಣಮ್ಮ ಈ ಊರಲ್ಲಿರಾಕೆ. ನಂಗೆ ಹೋಗಾಕೆ ಜಾಗ ಇರ್ಲಿಲ್ಲ, ಅಷ್ಟೇಯ" ಅಂದರು.

ಬೈದಿದ್ದರೆ ನಾನೂ ಜಗಳವಾಡುತ್ತಿದ್ದೆ. ಎಲ್ಲರ ಮೇಲೂ ಸಿಟ್ಟಿತ್ತಲ್ಲ ನನಗೆ, ಆ ಊರಿನ ಮೇಲೆ, ಈ ದೇಶದ ಮೇಲೆ. ಮೊದಲ ಸಲ ಆ ಸಿಟ್ಟನ್ನು ಯಾರ ಮೇಲೆ ಹಾಕುವುದೋ ತಿಳಿಯದೆ ಅತ್ತೆ. ಆ ಬೀದಿ ಬೇಡ ಎಂದವಳಿಗೆ, ಆ ಬೀದಿಯಲ್ಲಿ ನಿಂತುಕೊಂಡೇ ಇರುವ ಅಪ್ಪ ಬೇಕಾಗಿದ್ದರು.

"ಅಳ್ಬ್ಯಾಡ. ಒಂದ್ ಮಾತು ಹೇಳು," ಅಂದರು ಅಪ್ಪ. "ಅಲ್ಲಿ ಎಲ್ರೂ ನಿನ್ ಕೈಲಿ ಮುಟ್ಟಿಸ್ಕಂತಾರೆ ತಾನೆ?"

"ಹೂಂ ಕಣಪ್ಪ," ಅಂದೆ. "ಎಲ್ರೂ."