ಕಡ ತಂದ ಚೀನಾ ಘಾಸು

ಅವರೆ ಗಿಡವನ್ನು ಮಣ್ಣು ಸಡಿಲಿಸಿ ಮೆಲ್ಲಗೆ ಎಬ್ಬಿಸಿದರೆ ಬೇರಿನ ಮೇಲೆ ಗಂಟುಗಳು ಕಾಣುತ್ತವೆ. ಕೆಲವು ಸಾಸಿವೆಯಷ್ಟು, ಕೆಲವು ಮೆಣಸಿನ ಕಾಳಿನಷ್ಟು. ನಮ್ಮ ಕಡೆಯ ಎಷ್ಟೋ ರೈತರು ಅದನ್ನು ರೋಗ ಎಂದುಕೊಂಡಿದ್ದರು. ರೋಗವಲ್ಲ, ಆ ಗಂಟಿನೊಳಗೆ ಕಣ್ಣಿಗೆ ಕಾಣದ ಜೀವಾಣುಗಳು ಮನೆ ಮಾಡಿಕೊಂಡಿರುತ್ತವೆ, ಗಿಡ ಅವಕ್ಕೆ ಸಿಹಿ ಕೊಡುತ್ತದೆ, ಅವು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ ಎಂದು ನಾನು ಊರೂರಿನಲ್ಲಿ ಹೇಳುತ್ತಿದ್ದೆ. ಎಲ್ಲರೂ ತಲೆಯಾಡಿಸಿ ಕೇಳುತ್ತಿದ್ದರು. ಕೇಳಿ ಮುಗಿದ ಮೇಲೆ, 'ನಿಮಗೆ ಮದುವೆ ಆಗಿದೆಯಾ ಅಮ್ಮಾ?' ಎನ್ನುತ್ತಿದ್ದರು.

ನಮ್ಮ ವಿಶ್ವವಿದ್ಯಾನಿಲಯದ ಲ್ಯಾಬೊರೇಟರಿ ಕೋಲಾರದಲ್ಲಿತ್ತು ಎಂದರೆ ಯಾರೂ ದೊಡ್ಡದಾಗಿ ಊಹಿಸಿಕೊಳ್ಳಬಾರದು. ಅಂತರಗಂಗೆ ಬೆಟ್ಟ ಕಾಣುವ ಒಂದು ಬೀದಿಯಲ್ಲಿ ಬಾಡಿಗೆಗೆ ಹಿಡಿದ ಹೆಂಚಿನ ಮನೆ ಅದು. ಹಿಂದೆ ಅಲ್ಲಿ ರೇಷ್ಮೆ ಗೂಡು ಬೇಯಿಸುತ್ತಿದ್ದರಂತೆ. ಮಳೆ ಬಿದ್ದ ದಿನ ಗೋಡೆಗಳಿಂದ ಹಳೇ ಹುಳದ ವಾಸನೆ ಎದ್ದು ಬರುತ್ತಿತ್ತು. ಕೆಲಸ ಮಾಡುತ್ತಿದ್ದವರು ಮೂರೇ ಜನ. ಬೆಂಗಳೂರಿನಿಂದ ಸೋಮವಾರ ಬಂದು ಶುಕ್ರವಾರ ಹಿಂತಿರುಗುತ್ತಿದ್ದ ಪ್ರೊಫೆಸರು. ಗಾಜಿನ ಸಾಮಾನು ತೊಳೆದು, ಸೌದೆ ಒಲೆ ಉರಿಸಿ, ಪಾತ್ರೆಯಲ್ಲಿ ಹಬೆ ಕಟ್ಟಿಸಿ, ನಮ್ಮಿಬ್ಬರಿಗಿಂತ ಹೆಚ್ಚು ದುಡಿಯುತ್ತಿದ್ದ ಅಟೆಂಡರು. ಆತ ನಡುವಯಸ್ಸು ದಾಟಿದವನು, ಮನೆಮಾತು ತೆಲುಗು. ಮೂರನೆಯವಳು ನಾನು, ಮಾಲೂರಿನ ಶಾಲಾ ಮೇಷ್ಟ್ರ ಮಗಳು, ಬಿ.ಎಸ್‌ಸಿ. ಮಾಡಿಕೊಂಡು ಕೋಲಾರದ ಸೋದರತ್ತೆಯ ಮನೆಯಲ್ಲಿ ಇದ್ದುಕೊಂಡು ಕೆಲಸಕ್ಕೆ ಹೋಗುತ್ತಿದ್ದವಳು.

ಮೂರು ವರ್ಷದಲ್ಲಿ ನಾನು ಆ ಸೀಮೆಯ ಹೊಲಗಳನ್ನೆಲ್ಲ ಸುತ್ತಿ ಗಂಟುಗಳನ್ನು ತಂದು, ಒಡೆದು, ಒಳಗಿನ ಜೀವಾಣುಗಳನ್ನು ಬೇರೆ ಬೇರೆ ಗಾಜಿನ ನಳಿಗೆಗಳಲ್ಲಿ ಬೆಳೆಸಿ ಇಟ್ಟಿದ್ದೆ. ಶ್ರೀನಿವಾಸಪುರದ ಒಂದು ಕೆಂಪು ಮಣ್ಣಿನ ಹೊಲದಿಂದ ಬಂದದ್ದು ಅವುಗಳಲ್ಲೆಲ್ಲ ಜೋರಾಗಿತ್ತು. ಅದನ್ನು ಬೀಜಕ್ಕೆ ಸವರಿ ಬಿತ್ತಿದರೆ ಗಿಡದ ಎಲೆ ಕಪ್ಪು ಹಸಿರಾಗುತ್ತಿತ್ತು. ಈ ಜೀವಾಣುಗಳಿಗೆ ಹಾಸಿಗೆ ಬೇಕು. ಸಮುದ್ರದ ಪಾಚಿಯಿಂದ ಮಾಡಿದ ಅಗರ್ ಎಂಬ ವಸ್ತುವನ್ನು ನೀರಿಗೆ ಹಾಕಿ ಕುದಿಸಿ, ಸ್ವಲ್ಪ ಸಕ್ಕರೆ, ಸ್ವಲ್ಪ ಉಪ್ಪು ಸೇರಿಸಿ ಆರಿಸಿದರೆ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಅದೇ ಹಾಸಿಗೆ. ಎರಡು ಮೂರು ತಿಂಗಳಿಗೊಮ್ಮೆ ಹೊಸ ಹಾಸಿಗೆಗೆ ದಾಟಿಸದಿದ್ದರೆ ಒಣಗಿ ಸಾಯುತ್ತವೆ.

ಅಗರ್ ಬರುತ್ತಿದ್ದುದು ಜಪಾನಿನಿಂದ. ಜಪಾನ್ ಯುದ್ಧಕ್ಕೆ ಇಳಿಯಿತು, ಅಗರ್ ನಿಂತಿತು. ಬೆಂಗಳೂರಿನ ವ್ಯಾಪಾರಿಗಳು ಮೊದಲು 'ಮುಂದಿನ ವಾರ' ಎಂದರು, ಆಮೇಲೆ ಅದನ್ನೂ ಬಿಟ್ಟರು. ನಮ್ಮ ಸೀಸೆಯ ತಳ ಕಾಣುತ್ತಿತ್ತು. ನಳಿಗೆಗಳು ಒಣಗಿದರೆ ತೋರಿಸುವುದಕ್ಕೆ ಏನೂ ಉಳಿಯುತ್ತಿರಲಿಲ್ಲ, ಲ್ಯಾಬು ಮುಚ್ಚುತ್ತಿದ್ದರು, ನಾನು ರೈಲು ಹತ್ತಿ ಮಾಲೂರಿಗೆ ಹೋಗಬೇಕಾಗುತ್ತಿತ್ತು. ಅಲ್ಲಿ ಅಪ್ಪ ಎರಡು ಜಾತಕ ಹಿಡಿದುಕೊಂಡು ಕಾಯುತ್ತಿದ್ದರು. ನನಗೆ ಆ ಜೀವಾಣುಗಳ ಮೇಲೆ ಇದ್ದ ಪ್ರೀತಿಯಲ್ಲಿ ಎಷ್ಟು ಭಾಗ ವಿಜ್ಞಾನ, ಎಷ್ಟು ಭಾಗ ಆ ಜಾತಕಗಳ ಭಯ ಎಂದು ಕೇಳಿದರೆ ಈಗಲೂ ಹೇಳಲಾರೆ.

ದಾರಿ ತೋರಿಸಿದವನು ಅಟೆಂಡರು. ಸೀಸೆಯ ತಳದ ಎಳೆಗಳನ್ನು ನೋಡುತ್ತಾ, "ಇದು ಸಾಯಿಬ್ರ ಮನೇಲಿ ರಂಜಾನ್‌ಗೆ ಹಾಲು ಹಾಕಿ ಕಾಯಿಸ್ತಾರಲ್ಲ, ಚೀನಾ ಘಾಸು, ಅದೇ ಅಲ್ವಾ ಅಮ್ಮಾ?" ಎಂದ. ಅದೇ. ಇಷ್ಟು ದಿನ ಅವನು ಅದನ್ನು ಹೇಳದೆ ಇದ್ದದ್ದು ನಾವು ಕೇಳದೆ ಇದ್ದುದರಿಂದ. ಪ್ರೊಫೆಸರ ಮುಖ ಅರಳಿತು. "ನೀವೇ ಹೋಗಿ. ಅಡಿಗೆಮನೆ ವಿಚಾರ, ಹೆಂಗಸರಾದರೆ ಒಳಗೆ ಬಿಡುತ್ತಾರೆ" ಎಂದರು. ಹೆಂಗಸು ಎಂಬ ಕಾರಣಕ್ಕೆ ನನ್ನನ್ನು ತೆಗೆದುಕೊಳ್ಳಲು ಒಂದು ವರ್ಷ ಹಿಂದೆಮುಂದೆ ನೋಡಿದ್ದವರೂ ಅವರೇ.

ಕೋಲಾರದ ಅಂಗಡಿಗಳಲ್ಲಿ ಸಿಕ್ಕಲಿಲ್ಲ. ಮುಳಬಾಗಿಲಿನಲ್ಲಿ ಅಟೆಂಡರಿಗೆ ಗೊತ್ತಿದ್ದ ಒಬ್ಬ ಹುಣಸೆಹಣ್ಣಿನ ವ್ಯಾಪಾರಿ ಇದ್ದರು. ಇದ್ದಿಲ ಹೊಗೆಯಲ್ಲಿ ಓಡುವ ಯುದ್ಧ ಕಾಲದ ಬಸ್ಸಿನಲ್ಲಿ ಹೋದೆ; ಏರು ಬಂದಲ್ಲೆಲ್ಲ ನಿಲ್ಲಿಸಿ, ಹಿಂದಿನ ಉರುಳೆಯೊಳಗಿನ ಕೆಂಡ ಕೆದಕಿ ಮತ್ತೆ ಹೊರಡಿಸುತ್ತಿದ್ದರು. ಮುಖವೆಲ್ಲ ಮಸಿ. ವ್ಯಾಪಾರಿ ನನ್ನನ್ನು ನೋಡಿ, ಅಂಗಡಿಯಲ್ಲಿ ಇಲ್ಲ, ಅಮ್ಮನನ್ನು ಕೇಳಿ ಎಂದು ಪರದೆ ಎತ್ತಿ ಒಳಗೆ ಕಳಿಸಿದರು.

ಅವರ ತಾಯಿ ಚಾಪೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ಮೊದಲು ಮುಖ ತೊಳೆಯಲು ನೀರು ಕೊಡಿಸಿದರು. ಬಂದ ವಿಷಯ ಹೇಳಿದೆ. ಏನೂ ಮುಚ್ಚಿಡಲಿಲ್ಲ: ಅವರೆ ಬೇರು, ಗಂಟು, ಒಳಗಿನ ಜೀವಾಣು, ಎಲ್ಲವನ್ನೂ ಹೇಳಿದೆ. ಮುದುಕಿ ಅಡಕತ್ತರಿ ಕೆಳಗಿಟ್ಟು ನಕ್ಕರು.

"ಊರೋರೆಲ್ಲ ರೇಷ್ಮೆ ಹುಳ ಸಾಕ್ತಾರೆ. ನೀನು ಕಣ್ಣಿಗೆ ಕಾಣ್ದಿರೋ ಹುಳ ಸಾಕ್ತೀಯಾ ಬೇಟಿ?"

"ಹೌದು."

"ಅದಕ್ಕೆ ನನ್ನ ಘಾಸು ಬೇಕಾ?"

ಸೊಸೆ ಟೀ ತಂದರು. ನಾನು ಬ್ರಾಹ್ಮಣರ ಮನೆಯ ಹುಡುಗಿ, ಆ ಕಾಲ; ಆದರೂ ಲೋಟ ತೆಗೆದುಕೊಂಡು ಕುಡಿದೆ. ಕುಡಿಯುವಾಗ ನನ್ನ ಬಗ್ಗೆ ನನಗೇ ಬಹಳ ಮೆಚ್ಚುಗೆಯಾಯಿತು ಎಂದು ಒಪ್ಪಿಕೊಳ್ಳಬೇಕು. ಮುದುಕಿ ಲೋಟ ಬರಿದಾಗುವ ತನಕ ನೋಡುತ್ತಿದ್ದರು. ಆಮೇಲೆ ಎದ್ದು ಹೋಗಿ ಬಟ್ಟೆಯಲ್ಲಿ ಸುತ್ತಿದ ಒಂದು ಕಂತೆ ತಂದರು. ಬೆಳ್ಳಗೆ, ಎಳೆ ಎಳೆಯಾಗಿ, ಹಗುರವಾಗಿತ್ತು.

"ಮನೇಲಿರೋದು ಇಷ್ಟೇ. ಈ ಸಲ ಮೊಮ್ಮಗಳು ಮೊದಲನೇ ಸಲ ರೋಜಾ ಉಪವಾಸ ಹಿಡೀತಾಳೆ. ಸಾಯಂಕಾಲ ಅವಳಿಗೆ ತಂಪಾಗಿ ಇದೇ ಬೇಕು, ನಾನು ಮಾತು ಕೊಟ್ಟಿದೀನಿ. ರಂಜಾನ್ ಚಂದ್ರ ಕಾಣೋದ್ರೊಳಗೆ ವಾಪಸ್ ತಂದುಬಿಡು. ದುಡ್ಡು ನಕ್ಕೋ, ಬೇಡ. ಘಾಸು ಕಡ ತಗೊಂಡು ಹೋದ್ರೆ ಘಾಸೇ ತರ್ಬೇಕು."

ಬಾಗಿಲ ಹಿಂದೆ ಎರಡು ಜಡೆಯ ಹುಡುಗಿಯೊಬ್ಬಳು ನಿಂತು ನನ್ನನ್ನೂ ಕಂತೆಯನ್ನೂ ನೋಡುತ್ತಿದ್ದಳು. ಖಂಡಿತ ತರುತ್ತೇನೆ ಎಂದೆ. ಹಾಗೆ ಹೇಳುವಾಗ ಎಲ್ಲಿಂದ ತರುತ್ತೇನೆ ಎಂದು ಯೋಚಿಸಿರಲಿಲ್ಲ.

ಆ ವಾರ ಹೊಸ ನಳಿಗೆ ತುಂಬಿಸಿ, ತಂತಿಯನ್ನು ಬೆಂಕಿಗೆ ಹಿಡಿದು ಆರಿಸಿ, ಒಂದೊಂದಾಗಿ ಎಲ್ಲವನ್ನೂ ದಾಟಿಸಿದೆ. ಶ್ರೀನಿವಾಸಪುರದ್ದು ಐದನೇ ದಿನ ಗಂಜಿಯ ಹನಿಯ ಹಾಗೆ ಉಬ್ಬಿ ಬಂತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅತ್ತುಬಿಟ್ಟೆ. ಅಟೆಂಡರು ನೋಡಿಯೂ ನೋಡದವನ ಹಾಗೆ ಹೊರಗೆ ಹೋಗಿ ಸೌದೆ ಸೀಳಿದ. ಉಳಿದ ಅಗರನ್ನು ಪರೀಕ್ಷೆಯ ತಟ್ಟೆಗಳಿಗೆ ಸುರಿದೆವು.

ರಾಗಿ ಬಿತ್ತನೆ ಮುಗಿಯಿತು, ಸಾಲಿನ ಮಧ್ಯೆ ಅವರೆ ಮೊಳೆಯಿತು. ಅಗರ್ ಎಲ್ಲಿಂದಲೂ ಬರಲಿಲ್ಲ. ಪ್ರೊಫೆಸರು ಬರೆದ ಕಾಗದಗಳಿಗೆ ಮರ್ಯಾದೆಯ ಉತ್ತರಗಳು ಮಾತ್ರ ಬಂದವು. ರಂಜಾನಿಗೆ ಮೂರು ವಾರ ಇದ್ದಾಗ ಅವರೇ ಒಂದು ಉಪಾಯ ಹೇಳಿದರು. ಬಳಸಿದ ತಟ್ಟೆಗಳ ಅಗರನ್ನು ಬಿಸಾಡುವ ಬದಲು ಮತ್ತೆ ಕುದಿಸಿ, ಹೆಪ್ಪುಗಟ್ಟಿಸಿ, ಚೂರು ಮಾಡಿ, ಹರಿಯುವ ನೀರಿನಲ್ಲಿ ತೊಳೆದು ಒಣಗಿಸಿದರೆ ಮೊದಲಿನ ಅಗರೇ ಕೈಗೆ ಬರುತ್ತದೆ. ಹೊರದೇಶದ ಲ್ಯಾಬುಗಳಲ್ಲೂ ಹಾಗೆ ಮಾಡಲು ಶುರು ಮಾಡಿದ್ದಾರಂತೆ.

"ಅದನ್ನೇ ಕೊಟ್ಟುಬಿಡಿ" ಎಂದರು.

"ಹೇಳಿ ಕೊಡಲೇ, ಹೇಳದೆ ಕೊಡಲೇ ಸಾರ್?"

"ಹೇಳಿ ಏನು ಮಾಡುತ್ತೀರಿ? ಮೂರು ಸಲ ಹಬೆಯಲ್ಲಿ ಬೇಯಿಸಿದ್ದು. ನಿಮ್ಮ ಅತ್ತೆಯ ಮನೆ ಬಾವಿ ನೀರಿಗಿಂತ ಶುದ್ಧ. ಅವರಿಗೆ ಅರ್ಥವಾಗುವುದಿಲ್ಲ, ಸುಮ್ಮನೆ ಹೆದರುತ್ತಾರೆ."

ಶುದ್ಧತೆಯ ಮಾತು ನಿಜ. ಅವರಿಗೆ ಅರ್ಥವಾಗುವುದಿಲ್ಲ ಎಂಬುದು ಸುಳ್ಳು. ಆ ಮುದುಕಿಗೆ ನಾನು ಹೇಳಿದ್ದೆಲ್ಲ ಒಂದೇ ಸಲಕ್ಕೆ ಅರ್ಥವಾಗಿತ್ತು. ಆದರೂ ನಾನು ಪ್ರೊಫೆಸರ ಮಾತಿಗೆ ಒಪ್ಪಿದೆ. ಹಾಗೆ ಒಪ್ಪುವುದರಿಂದ ನನಗೆ ಬಹಳ ನಿರಾಳವಾಯಿತು.

ಕುದಿಸುವಾಗ ಹುಳಿ ಹಿಟ್ಟಿನಂಥ ವಾಸನೆ ಬಂತು. ತಟ್ಟೆಗಳ ಮೇಲೆ ಬೆಳೆದಿದ್ದ ಲೋಳೆಯೆಲ್ಲ ಕರಗಿ ಮೇಲೆ ನೊರೆಯಾಗಿ ನಿಂತಿತು, ತೆಗೆದು ಹಾಕಿದೆ. ಐದು ದಿನ ತೊಳೆದೆ. ಹಿತ್ತಲಿನಲ್ಲಿ ಮಲ್ಲು ಬಟ್ಟೆಯ ಮೇಲೆ ಹರಡಿ ಒಣಗಿಸಿದೆ. ತಂದಷ್ಟು ಇರಲಿಲ್ಲ, ಮುಕ್ಕಾಲು ಪಾಲಿತ್ತು. ಅಟೆಂಡರು ಎಲ್ಲ ಕೆಲಸಕ್ಕೂ ಕೈ ಹಾಕಿದ. ಕಟ್ಟುವ ಹೊತ್ತಿಗೆ ಮಾತ್ರ ಹಿಂದೆ ಸರಿದ.

"ವದ್ದಮ್ಮಾ, ಬೇಡ. ತಿನ್ನೋ ಪದಾರ್ಥ ಇದು. ಬೆಳೆದಿದ್ದೇನು ಅಂತ ನಾವು ನೋಡಿದೀವಿ, ಅವರು ನೋಡಿಲ್ಲ."

ಅವನಿಗೆ ವಿಜ್ಞಾನ ತಿಳಿಯದು ಎಂದು ನನಗೆ ನಾನೇ ಹೇಳಿಕೊಂಡೆ. ಗಂಟು ನಾನೇ ಕಟ್ಟಿದೆ.

ಮುಳಬಾಗಿಲಿನಲ್ಲಿ ಮುದುಕಿ ಬಟ್ಟೆ ಬಿಚ್ಚಿ, ಒಂದು ಚೂರು ಬೆಳಕಿಗೆ ಹಿಡಿದು ನೋಡಿದರು. "ಎಳೆ ಇಲ್ಲ, ಹಾಳೆ ಹಾಳೆ ಇದೆಯಲ್ಲ?"

"ಬೆಂಗಳೂರಿನಿಂದ ಬಂತು. ಯುದ್ಧ ಕಾಲದ ಸರಕು" ಎಂದೆ.

ಮೂಸಿ ನೋಡಿ ತೃಪ್ತರಾದರು. "ಮಾತಿಗೆ ತಪ್ಪಲಿಲ್ಲ ನೀನು" ಎಂದು ನನ್ನ ಕೆನ್ನೆ ಸವರಿ ನೆಟಿಕೆ ಮುರಿದರು. ನನಗೆ ನಾಚಿಕೆಯಾಯಿತು. ಬಸ್ಸು ಕೋಲಾರ ಮುಟ್ಟುವ ಹೊತ್ತಿಗೆ ಅದೂ ಕಡಿಮೆಯಾಗಿತ್ತು. ರಂಜಾನ್ ಪೂರ್ತಿ ನಾನು ಅವರೆ ಹೊಲಗಳಲ್ಲಿ ಬೇರು ಕೀಳುತ್ತಾ ಇದ್ದೆ. ಅವರ ನೆನಪು ಬರಲಿಲ್ಲ ಎಂದರೆ ಸುಳ್ಳು. ಬಂದಾಗ ಬೇರೆ ಏನನ್ನಾದರೂ ಯೋಚಿಸುತ್ತಿದ್ದೆ.

ಹಬ್ಬಕ್ಕೆ ಬರಲೇಬೇಕು ಎಂದು ವ್ಯಾಪಾರಿಯ ಕೈಲಿ ಹೇಳಿ ಕಳಿಸಿದರು. ಹೋದೆ. ಮಧ್ಯಾಹ್ನದ ಹೊತ್ತು, ಮನೆ ತುಂಬ ಹೊಸ ಬಟ್ಟೆಯ ಗಂಜಿ ವಾಸನೆ, ಅತ್ತರಿನ ವಾಸನೆ. ನನ್ನನ್ನು ಅದೇ ಚಾಪೆಯ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡರು. ಮೊಮ್ಮಗಳು ಹಸಿರು ರೇಷ್ಮೆಯ ಲಂಗ ಹಾಕಿಕೊಂಡು, ಎರಡೂ ಕೈಯಲ್ಲಿ ಪಿಂಗಾಣಿ ತಟ್ಟೆ ಹಿಡಿದು, ತುಳುಕುತ್ತದೇನೋ ಎಂಬಂತೆ ಹೆಜ್ಜೆ ಇಟ್ಟು ಬಂದಳು. ತಟ್ಟೆಯಲ್ಲಿ ಹಾಲಿನ ಬಣ್ಣದ ನಾಲ್ಕು ಚೂರು, ವಜ್ರದಾಕಾರಕ್ಕೆ ಕೊಯ್ದಿದ್ದರು, ಮೇಲೆ ಏಲಕ್ಕಿ ಪುಡಿ.

"ಹನ್ನೊಂದು ರೋಜಾ ಹಿಡಿದ್ಳು" ಎಂದರು ಮುದುಕಿ. "ದಿನಾ ಸಾಯಂಕಾಲ ಇದನ್ನೇ ಕೇಳೋಳು. ತಿಂಗಳು ಪೂರ್ತಿ ಮನೆಯೋರೆಲ್ಲ ತಿಂದ್ವಿ. ಕೊನೇದು ನಿನಗೆ ಅಂತ ಎತ್ತಿಟ್ಟಿದ್ದೆ. ನೀನು ತಂದ ಘಾಸು, ನೀನು ತಿನ್ನದೇ ಇದ್ರೆ ಹೆಂಗೆ?"

ಒಂದು ತಿಂಗಳು ಎಂಟು ಹತ್ತು ಜನ ತಿಂದಿದ್ದಾರೆ, ಒಬ್ಬರಿಗೂ ಹೊಟ್ಟೆನೋವಿಲ್ಲ. ಪ್ರೊಫೆಸರಾದರೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೇ ಎನ್ನುತ್ತಿದ್ದರು. ನಾನು ಒಂದು ಚೂರು ತೆಗೆದು ಬಾಯಿಯ ಹತ್ತಿರ ತಂದೆ. ಏಲಕ್ಕಿಯ ಕೆಳಗೆ ನನಗೆ ಆ ಹುಳಿ ಹಿಟ್ಟಿನ ವಾಸನೆ ಬಂತು. ಅಲ್ಲಿ ಆ ವಾಸನೆ ಇರಲಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು. ಆದರೂ ಅದು ನನಗೆ ಇಳಿಯುವುದಿಲ್ಲ ಎನಿಸಿತು. ಚೂರನ್ನು ತಟ್ಟೆಗೆ ವಾಪಸ್ ಇಟ್ಟೆ.

"ಇವತ್ತು ನನಗೆ ಒಪ್ಪತ್ತು" ಎಂದೆ.

ಮುದುಕಿ ನನ್ನ ಮುಖವನ್ನೇ ನೋಡಿದರು. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

"ಮನೇಲಿ ಗೊತ್ತಾಯ್ತಾ ಬೇಟಿ?" ಎಂದರು ಮೆಲ್ಲಗೆ. "ಅವತ್ತು ಟೀ ಕುಡಿದಿದ್ದಕ್ಕೆ ಬೈದ್ರಾ?"

ಯಾರೂ ಬೈದಿರಲಿಲ್ಲ, ಯಾರಿಗೂ ಗೊತ್ತೂ ಇರಲಿಲ್ಲ. ನಿಜ ಹೇಳಲು ನಾಲ್ಕು ಮಾತು ಸಾಕಿತ್ತು. ಹೇಳಿದ್ದರೆ ಆ ಹುಡುಗಿಯ ಹನ್ನೊಂದು ಸಾಯಂಕಾಲಗಳು ಏನಾಗುತ್ತಿದ್ದವು ಎಂದು ಯೋಚಿಸಿ ಸುಮ್ಮನಾದೆ ಎಂದು ಬರೆದರೆ ನನಗೆ ಗೌರವ. ಆದರೆ ನಾನು ಯೋಚಿಸಿದ್ದು ನನ್ನ ಬಗ್ಗೆ. ಕಳ್ಳಿ ಅನ್ನಿಸಿಕೊಳ್ಳುವುದಕ್ಕಿಂತ ಮಡಿ ಮನೆಯವಳು ಅನ್ನಿಸಿಕೊಳ್ಳುವುದು ಸುಲಭವಾಗಿತ್ತು. ಹೌದು ಎಂದು ತಲೆಯಾಡಿಸಿದೆ.

"ಹೋಗ್ಲಿ ಬಿಡು. ನಿನ್ನ ತಪ್ಪಲ್ಲ" ಎಂದು ಅವರು ತಟ್ಟೆಯನ್ನು ತಾವೇ ಪಕ್ಕಕ್ಕೆ ಸರಿಸಿದರು. ಹಬ್ಬದ ದಿನ ಬರಿ ಬಾಯಲ್ಲಿ ಕಳಿಸಬಾರದು ಎಂದು ಮೊಮ್ಮಗಳಿಗೆ ಬಾಳೆಹಣ್ಣು ತರಲು ಹೇಳಿದರು. ಹುಡುಗಿ ಓಡಿ ಹೋಗಿ ತಂದು, ನನ್ನ ಎದುರಿಗೆ ಮಂಡಿಯೂರಿ ಕೂತು, ನಗುತ್ತಾ, ಸುಲಿಯಲು ತುದಿ ಹಿಡಿದಳು.

"ಸುಲೀಬೇಡ" ಎಂದರು ಅಜ್ಜಿ. "ನಾವು ಸುಲಿದಿದ್ದು ಅವರು ತಿನ್ನಲ್ಲ. ಕೈಗೂ ಕೊಡ್ಬೇಡ, ಕೆಳಗಿಡು."

ಹುಡುಗಿ ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹಣ್ಣನ್ನು ಚಾಪೆಯ ಮೇಲಿಟ್ಟು, ಲಂಗದ ಅಂಚು ನನಗೆ ತಾಗದ ಹಾಗೆ ಎಳೆದುಕೊಂಡು, ಎರಡು ಹೆಜ್ಜೆ ಹಿಂದೆ ಹೋಗಿ ನಿಂತಳು. ನಾನು ಅದನ್ನು ಎತ್ತಿಕೊಂಡು ಸುಲಿದು ತಿಂದೆ. ಸಲೀಸಾಗಿ ಇಳಿಯಿತು.